ಗಾಜಿಗೊಂದು ವಿಮೆ

ಮಧುಗಿರಿ ಬಸ್ ನಿಲ್ದಾಣದ ಹತ್ತಿರದ ಮೊಬೈಲ್ ಅಂಗಡಿ. ಪಾವಗಡ ಕಡೆಯ ರೈತರೊಬ್ಬರು 15,000 ರೂಪಾಯಿಯ ಫೋನು ಆರಿಸಿ ಎದ್ದರು. ಅಂಗಡಿ ಹುಡುಗ ಬಿಡಬೇಕಲ್ಲ!

"ಯಜಮಾನ್ರೇ, 1,500 ಕೊಟ್ರೆ ವರ್ಷ ಪೂರ್ತಿ ಇನ್ಶೂರೆನ್ಸ್ ಐತೆ."

"ನೂರಕ್ಕೆ ಹತ್ತಾ? ನಮ್ಮ ಕಡ್ಲೇಕಾಯಿಗೇ ನೂರಕ್ಕೆ ಎರಡು ಕಟ್ತೀವಿ ಕಣಪ್ಪ."

ಮಾತು ಸರಿಯೇ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಎಣ್ಣೆಕಾಳಿಗೆ ರೈತರ ಪಾಲು ವಿಮಾ ಮೊತ್ತದ ಶೇ. 2ನ್ನು ಮೀರುವುದಿಲ್ಲ; ಮಿಕ್ಕಿದ್ದನ್ನು ಸರ್ಕಾರಗಳು ತುಂಬುತ್ತವೆ. ಫೋನಿಗೆ ಅಂಥ ದಾತರಿಲ್ಲ; ಕಂತಿನೊಳಗೆ ಶೇ. 18ರ ಜಿಎಸ್‌ಟಿ ಬೇರೆ ಕೂತಿರುತ್ತದೆ. ಮಳೆ ನಂಬಿದ ಬೆಳೆಗಿಂತ ಜೇಬಿನ ಗಾಜಿಗೇ ಗಂಡಾಂತರ ಹೆಚ್ಚೆಂದು ಪಾವಗಡದವರನ್ನು ನಂಬಿಸುವುದು ಸಾಮಾನ್ಯ ಸಾಹಸವಲ್ಲ.

"ಬಸ್ಸಲ್ಲಿ ಮರೆತು ಇಳಿದ್ರೆ?"

"ಅದಕ್ಕೆ ಕೊಡಲ್ಲ."

"ಕದ್ರೆ?"

"ಈ ಪ್ಲಾನಲ್ಲಿ ಕಳವು ಇಲ್ಲ. ಇರೋ ಪ್ಲಾನಿಗೂ ಎಫ್‌ಐಆರ್ ಬೇಕು."

"ಬಿದ್ದು ಒಡೆದ್ರೆ?"

"ಕೊಡ್ತಾರೆ! ಮೊದಲ ಸಾವಿರ ಮಾತ್ರ ನಿಮ್ದು."

"ಹೊಸ ಗಾಜಿಗೆ ಎಷ್ಟು?"

"ಮೂರು ಸಾವಿರ."

ರೈತರು ಬೆರಳು ಮಡಚಿದರು. "ಕಂತು ಸಾವಿರದೈನೂರು, ಮೇಲೊಂದು ಸಾವಿರ. ಐನೂರು ಉಳಿಸೋಕೆ ನಾನೇ ಫೋನು ಬೀಳಿಸ್ಬೇಕು ಅನ್ನು!"

ಹುಡುಗ ತಲೆ ಕೆರೆದುಕೊಂಡ. ಲಕ್ಷದ ಫೋನು, ಜಾರುವ ಕೈ ಎರಡೂ ಒಬ್ಬರದೇ ಆದರೆ ಲೆಕ್ಕ ಬೇರೆ, ಇವರದು ಹಾಗಲ್ಲ. 150 ರೂಪಾಯಿಯ ಕವರ್ ಹಾಕಿಸಿಕೊಂಡು ಹೊರಟರು.

ಕಳೆದ ಫೋನನ್ನು ಬ್ಲಾಕ್ ಮಾಡಿಸಲು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ 2023ರ ಮೇ ತಿಂಗಳಿನಿಂದ ಇದೆ. ಪೊಲೀಸ್ ದೂರಿನ ಪ್ರತಿ ಬೇಕು, ಕಾಸು ಬೇಡ.