ಟೈರಿಗೊಂದು ಅಳತೆಕಡ್ಡಿ

ಮಳೆ ಅಳೆಯುವ ವಿಷಯದಲ್ಲಿ ಕಾಫಿ ಸೀಮೆಯವರ ಹತ್ತಿರ ಯಾರೂ ವಾದಕ್ಕೆ ನಿಲ್ಲಬಾರದು. ತೋಟದ ಮನೆಯಂಗಳದಲ್ಲಿ ಮಳೆಮಾಪಕ, ಒಳಗೆ ಅದರ ಲೆಕ್ಕದ ಪುಸ್ತಕ. ಇಂಚಿಗೆ 100 ಸೆಂಟು. ಸಂಸೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ 80 ಸೆಂಟು ಬಿತ್ತೋ 90 ಬಿತ್ತೋ ಎಂಬ ಚರ್ಚೆಯಲ್ಲಿ ಕಳಸದ ಹೋಟೆಲಿನಲ್ಲಿ ಎರಡೆರಡು ಲೋಟ ಕಾಫಿ ಖಾಲಿಯಾಗುತ್ತದೆ. ಅದೇ ಮಹನೀಯರನ್ನು, ಆ ಮಳೆಯಲ್ಲಿ ಓಡುವ ಟೈರಿಗೆ ಗ್ರಿಪ್ ಎಷ್ಟು ಉಳಿದಿದೆ ಎಂದು ಕೇಳಿ. ಹೆಬ್ಬೆರಳಲ್ಲಿ ಸವರಿ, "ಇನ್ನೊಂದು ಮಳೆಗಾಲ ಓಡುತ್ತೆ ಮಾರಾಯ್ರೆ" ಎನ್ನುತ್ತಾರೆ.

ಕಾರಿನ ಹೊಸ ಟೈರಿನ ಸಂದು ಸುಮಾರು 8 ಮಿ.ಮೀ. ಆಳ. 1.6ಕ್ಕಿಂತ ಕೆಳಗಿಳಿದರೆ ಕಾನೂನಿನ ಲೆಕ್ಕದಲ್ಲಿ ಅದರ ಆಯಸ್ಸು ತೀರಿತು. ಅಷ್ಟೇ ಎತ್ತರದ ಪುಟ್ಟ ರಬ್ಬರ್ ದಿಂಡನ್ನು ಕಂಪನಿಯವರೇ ಸಂದಿನ ತಳದಲ್ಲಿ ಇಟ್ಟಿರುತ್ತಾರೆ. ಆದರೆ ಸಂದು ಇರುವುದು ನೀರನ್ನು ಆಚೆ ದೂಡಲಿಕ್ಕೆ. ಆ ಶಕ್ತಿ 3 ಮಿ.ಮೀ. ಹೊತ್ತಿಗೇ ಸಾಕಷ್ಟು ಕುಗ್ಗಿರುತ್ತದೆ. ಕುದುರೆಮುಖದ ಕಡೆಯ ತಿರುವುಗಳು ಕಾನೂನು ಓದಿಕೊಂಡಿಲ್ಲ. ಚೈನ್ ಕಟ್ಟಿಕೊಂಡು ಕಾಡುದಾರಿ ಹತ್ತುವ ಜೀಪುಗಳ ಕತೆ ಬೇರೆ, ಬಿಡಿ.

ಅಳೆಯುವ ಸಾಧನದಲ್ಲಿ ಮೂರು ಜಾತಿ. ಡಿಜಿಟಲ್ಲಿನದು 3.47 ಎಂದು ತೋರಿಸಿ ನಮ್ಮನ್ನು ವಿಜ್ಞಾನಿಯಾಗಿಸುತ್ತದೆ. ಆದರೆ ಅದನ್ನು ಗಾಜಿನ ಮೇಲಿಟ್ಟು ಸೊನ್ನೆಗೆ ತರಬೇಕು, ಗುಂಡಿ ಸೆಲ್ ಹಾಕಬೇಕು. ಬೆಂಕಿಕಡ್ಡಿಯೇ ಗೀರಿದರೆ ಹತ್ತದ ನಮ್ಮ ಆಷಾಢದಲ್ಲಿ ಸೆಲ್ಲನ್ನು ನಂಬುವುದು ಹೇಗೆ? ಮುಳ್ಳಿನ ಗಡಿಯಾರದಂಥದ್ದು ಕನ್ನಡಕವಿಲ್ಲದೆಯೂ ಕಾಣುತ್ತದೆ. ಆದರೆ ಒಮ್ಮೆ ಕಾಂಕ್ರೀಟಿನ ಮೇಲೆ ಬಿದ್ದರೆ ಅದರ ಮಾತಿಗೆ ಬೆಲೆಯಿಲ್ಲ. ಉಳಿದದ್ದು ಜೇಬಿಗೆ ಸಿಕ್ಕಿಸುವ ಪೆನ್ನಿನಾಕಾರದ ಜಾರುಕಡ್ಡಿ. ನನ್ನ ಓಟು ಇದಕ್ಕೇ, ಅದರಲ್ಲೂ ಲೋಹದ್ದಕ್ಕೆ. ಕೊಳ್ಳುವಾಗ ಮಿಲಿಮೀಟರ್ ಗುರುತಿದೆಯೇ ನೋಡಿ. ಕೆಲವದರಲ್ಲಿ ಇಂಚಿನ 32ನೇ ಭಾಗದ ಗುರುತಷ್ಟೇ ಇರುತ್ತದೆ. ಅಲ್ಲಿ 2 ಎಂದರೆ ನಮ್ಮ 1.6. ಸೆಂಟಿನಲ್ಲಿ ಮಳೆ ಅಳೆಯುವವರಿಗೆ ಇದು ಕಷ್ಟವಲ್ಲ, ಆದರೂ ಯಾಕೆ ಬೇಕು?

ಸಂಸೆಯಲ್ಲಿ ಮಳೆಗಾಲದ ಟೈರಿಗೆ ನೇರ ಕಡ್ಡಿ ಇಳಿಸುವಂತಿಲ್ಲ. ಮೊದಲು ಕೆಂಪು ಜೇಡಿ ಕೆರೆಯಬೇಕು, ಆಮೇಲೆ ಸಿಕ್ಕಿಕೊಂಡ ಜಲ್ಲಿ, ಒಮ್ಮೊಮ್ಮೆ ಆ ಜಲ್ಲಿಯ ಪಕ್ಕ ನಮ್ಮ ಬೆರಳಿಗಾಗಿಯೇ ಕಾದಂತಿರುವ ಇಂಬಳ. ತಳ ಕಂಡ ಮೇಲೆ ರಬ್ಬರ್ ದಿಂಡನ್ನು ತಪ್ಪಿಸಿ ಒಳಬದಿ, ನಡು, ಹೊರಬದಿ ಅಳೆಯಿರಿ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಕಡಿಮೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ನೋಡಿಸಬೇಕು. ಹೆಬ್ಬೆರಳು ಇಷ್ಟೆಲ್ಲ ಹೇಳುವುದಿಲ್ಲ.

ಮೃಗಶಿರಾ ಹಿಡಿಯುವ ಮೊದಲೇ ಒಂದು ಕಡ್ಡಿ ತಂದಿಟ್ಟುಕೊಳ್ಳಿ. ಅಳೆಯುವಾಗ ಸ್ಟೆಪ್ನಿಯನ್ನು ಮರೆಯಬೇಡಿ.