ವೃಷ್ಟಿವಿಮಾನ ಮೀಮಾಂಸೆ: ಓಶ್‌ಕೋಶ್ ಕೆಸರಿನ ಒಂದು ಶಾಸ್ತ್ರೀಯ ಅಧ್ಯಯನ

ಶಾಸ್ತ್ರಗ್ರಂಥವೊಂದನ್ನು ಆರಂಭಿಸುವ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕು ಎಂಬುದು ಹಿರಿಯರು ಹಾಕಿದ ಕಟ್ಟಳೆ. ಈ ಪ್ರಬಂಧದ ವಿಷಯ: ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓಶ್‌ಕೋಶ್ ಎಂಬ ಊರಿನಲ್ಲಿ ಜುಲೈ ಕೊನೆಗೆ ನಡೆಯುವ ವಿಮಾನ ಜಾತ್ರೆಗೆ ಗುಡುಗು ಸಿಡಿಲನ್ನೂ ಲೆಕ್ಕಿಸದೆ ಜನ ಯಾಕೆ ಹೋಗುತ್ತಾರೆ ಎಂಬುದು. ಪ್ರಯೋಜನ: ಏನೂ ಇಲ್ಲ. ಸಂಬಂಧ: ಮೋಡಕ್ಕೂ ವಿಮಾನಕ್ಕೂ ಅನಾದಿಯಿಂದ ಬಂದಿರುವ ವೈರ. ಇನ್ನು ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ಒದ್ದೆಯಾದ ಕಾಲುಚೀಲದಲ್ಲಿ ಅರ್ಧ ದಿನ ನಿಂತು, ಪಕ್ಕದ ಅಪರಿಚಿತನಿಗೆ “ಇನ್ನೇನು, ಬಿಟ್ಟುಬಿಡುತ್ತೆ” ಎಂದು ಭರವಸೆ ಕೊಟ್ಟವನು. ಉಳಿದವರೂ ಓದಬಹುದು, ಆದರೆ ಫಲಶ್ರುತಿ ಅವರಿಗೆ ಅನ್ವಯಿಸುವುದಿಲ್ಲ.

ಪಾರಿಭಾಷಿಕ ಪದ ಒಂದೇ ಒಂದು: ಫ್ಲೈ-ಇನ್. ಅದು ಏರ್‌ಶೋ ಅಲ್ಲ. ಏರ್‌ಶೋದಲ್ಲಿ ಯಾರೋ ಹಾರುತ್ತಾರೆ, ನಾವು ಕತ್ತು ನೋಯುವವರೆಗೆ ನೋಡುತ್ತೇವೆ. ಯಲಹಂಕದಲ್ಲಿ 1996ರಿಂದ ನಡೆದುಬಂದಿರುವ ಏರೋ ಇಂಡಿಯಾ ಈ ವರ್ಗಕ್ಕೆ ಸೇರಿದ್ದು. ಅದು ಸಾಮಾನ್ಯವಾಗಿ ಫೆಬ್ರುವರಿಯ ಬಿಸಿಲಿನಲ್ಲಿ ನಡೆಯುವುದರಿಂದ, ಟೋಪಿಯೊಂದಿದ್ದರೆ ಸಾಕಾಗುವುದರಿಂದ, ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ಫ್ಲೈ-ಇನ್‌ನಲ್ಲಿ ಹಾಗಲ್ಲ, ನೋಡಲು ಬರುವವರೇ ತಮ್ಮ ಪುಟ್ಟ ವಿಮಾನದಲ್ಲಿ ಹಾರಿ ಬಂದು, ಅದನ್ನು ಹುಲ್ಲಿನ ಮೇಲೆ ನಿಲ್ಲಿಸಿ, ಪಕ್ಕದಲ್ಲೇ ಟೆಂಟು ಹಾಕಿ ಅಲ್ಲೇ ಉಂಡು ಮಲಗುತ್ತಾರೆ. ಓಶ್‌ಕೋಶ್‌ನಲ್ಲಿ ಎರಡೂ ಉಂಟು.

ಇತಿಹಾಸದ ಅಧ್ಯಾಯವಿಲ್ಲದ ಪ್ರಬಂಧಕ್ಕೆ ಡಾಕ್ಟರೇಟ್ ಕೊಡುವ ಪದ್ಧತಿ ಇಲ್ಲವಾದ್ದರಿಂದ ಅದನ್ನೂ ಬೇಗ ಮುಗಿಸೋಣ. ಮನೆಯಲ್ಲೇ ವಿಮಾನ ಕಟ್ಟಿಕೊಳ್ಳುವ ಹುಚ್ಚಿನವರಿಗಾಗಿ ಪಾಲ್ ಪೋಬರೆಜ್ನಿ ಎಂಬವರು 1953ರಲ್ಲಿ ಮಿಲ್ವಾಕಿಯಲ್ಲಿ ಒಂದು ಸಂಘ ಕಟ್ಟಿದರು. ಹೆಸರು ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್. ಆ ವರ್ಷದ ಸೆಪ್ಟೆಂಬರಿನ ಮೊದಲ ಮೇಳಕ್ಕೆ ಬಂದವರು 150ಕ್ಕೂ ಕಡಿಮೆ, ವಿಮಾನಗಳು ಬೆರಳೆಣಿಕೆಯಷ್ಟು. ಜಾತ್ರೆ 1959ರಲ್ಲಿ ರಾಕ್‌ಫರ್ಡ್‌ಗೆ ಹೋಯಿತು, 1970ರಲ್ಲಿ ಓಶ್‌ಕೋಶ್‌ಗೆ ಬಂದು ಅಲ್ಲೇ ನೆಲೆ ನಿಂತಿತು. ಈಗ ಆರು ಲಕ್ಷಕ್ಕೂ ಹೆಚ್ಚು ಜನ ಸೇರುತ್ತಾರೆ. ಸುತ್ತಲಿನ ನಿಲ್ದಾಣಗಳೂ ಸೇರಿ 10,000ದಷ್ಟು ವಿಮಾನಗಳು ಬಂದಿಳಿಯುತ್ತವೆ. ಇಷ್ಟು ಸಾಕು.

ಮನೆಯಲ್ಲಿ ಕಟ್ಟುವ ವಿಮಾನದ ಮಾತು ಬಂದಮೇಲೆ ಕನ್ನಡ ನಾಡಿನ ವಿದ್ವಾಂಸನಾದವನು ಆನೇಕಲ್ಲಿನ ಋಣವನ್ನು ತೀರಿಸದೆ ಮುಂದೆ ಹೆಜ್ಜೆ ಇಡುವಂತಿಲ್ಲ. ಅಲ್ಲಿಯ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ದಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ವರ್ಣನೆಯಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಕೂಲಂಕಷವಾಗಿ ಪರಿಶೀಲಿಸಿ, ಇವು ಹಾರಲಾರವು ಎಂದು ಬರೆದರು. ಆ ಐವರು ಒಂದು ಗುಣವನ್ನು ಗಮನಿಸದೆ ಬಿಟ್ಟರೆಂದು ಈ ಲೇಖಕನ ವಿನಮ್ರ ಅಭಿಪ್ರಾಯ. ರುಕ್ಮ ವಿಮಾನ ಶುಭ್ರ ಆಕಾಶದಲ್ಲೂ ಹಾರುವುದಿಲ್ಲ, ಬಿರುಗಾಳಿಯಲ್ಲೂ ಹಾರುವುದಿಲ್ಲ. ಹಗ್ಗ ಹಾಕಿ ಕಟ್ಟಬೇಕಾದ ಅಗತ್ಯವಿಲ್ಲದ ಏಕೈಕ ವಿಮಾನವರ್ಗ ಅದು. ಈ ಗುಣದ ಬೆಲೆ ಏನೆಂಬುದು ಮುಂದೆ ಬಂಧನ ಪ್ರಕರಣದಲ್ಲಿ ತಿಳಿಯುತ್ತದೆ.

ಮೊದಲು ಮುಹೂರ್ತ ಪ್ರಕರಣ. ಜುಲೈ 20ರ ಸುಮಾರಿಗೆ ಸೂರ್ಯ ಪುಷ್ಯ ನಕ್ಷತ್ರವನ್ನು ಪ್ರವೇಶಿಸಿ ಎರಡು ವಾರ ಅಲ್ಲೇ ಇರುತ್ತಾನೆ. ಅಂದರೆ ಓಶ್‌ಕೋಶ್ ಜಾತ್ರೆ ಬರುವುದು ಸರಿಯಾಗಿ ಪುಷ್ಯ ಮಳೆಯಲ್ಲಿ. ಶಿವಮೊಗ್ಗ ಜಿಲ್ಲೆಯ ಯಾವುದೇ ರೈತನಿಗೆ ಒಂದು ಪೋಸ್ಟ್‌ಕಾರ್ಡ್ ಹಾಕಿದ್ದರೆ ಈ ಮಾತು ಪುಕ್ಕಟೆಯಾಗಿ ತಿಳಿಯುತ್ತಿತ್ತು. ನಕ್ಷತ್ರ ನಮ್ಮದು, ಆಕಾಶ ಅವರದು ಎಂದು ತರ್ಕಿಸುವವರೂ ಇದ್ದಾರೆ. ಅದು ನಿಲ್ಲುವುದಿಲ್ಲ, ಏಕೆಂದರೆ ವಿಸ್ಕಾನ್ಸಿನ್‌ಗೂ ಇರುವುದು ಅದೇ ಸೂರ್ಯ. ಆಧುನಿಕರು ಮಾತ್ರ ಬೇರೆ ಕಾರಣ ಕೊಡುತ್ತಾರೆ: ಕೆನಡಾದಿಂದ ಇಳಿಯುವ ತಂಪು ಗಾಳಿ, ಮೆಕ್ಸಿಕೋ ಕೊಲ್ಲಿಯಿಂದ ಏರಿ ಬರುವ ತೇವದ ಗಾಳಿ, ಇವೆರಡೂ ಆ ಬಯಲಿನಲ್ಲಿ ಎದುರಾಗುತ್ತವೆ. ಸಾಲದ್ದಕ್ಕೆ ಸುತ್ತ ನೂರಾರು ಮೈಲಿ ಮೆಕ್ಕೆಜೋಳ. ಜುಲೈಯಲ್ಲಿ ಎದೆಮಟ್ಟಕ್ಕೆ ಬೆಳೆದು ನಿಂತ ಆ ಜೋಳ ಬೇರಿನಿಂದ ಹೀರಿದ ನೀರನ್ನು ಎಲೆಯಿಂದ ಗಾಳಿಗೆ ಬಿಡುತ್ತದೆ. ಅಲ್ಲಿಯವರು ಇದನ್ನು ಜೋಳದ ಬೆವರು ಎನ್ನುತ್ತಾರೆ. ಒಂದು ಇಡೀ ಪ್ರಾಂತ್ಯದ ಜೋಳ ಬೆವರಿ, ಆ ಬೆವರು ಮೋಡವಾಗಿ, ಮೋಡ ಗುಡುಗಾಗಿ, ಗುಡುಗು ಟೆಂಟಿನ ಮೇಲೆ ಬೀಳುತ್ತದೆ. ಜೋಳದ ರೊಟ್ಟಿ ತಿಂದು ಬೆಳೆದವರಿಗೂ ಹೊಳೆಯದ ಕಾರ್ಯಕಾರಣ ಸಂಬಂಧ ಇದು.

ಆಗಮನ ಪ್ರಕರಣ. ಓಶ್‌ಕೋಶ್‌ಗೆ ಹಾರಿ ಬರುವ ಸಣ್ಣ ವಿಮಾನಗಳು ರಿಪನ್ ಎಂಬ ಊರಿನ ಮೇಲೆ ಬಂದು, ಅಲ್ಲಿಂದ ಫಿಸ್ಕ್ ಎಂಬ ಹಳ್ಳಿಯವರೆಗೆ ರೈಲುಹಳಿಯನ್ನೇ ನೋಡಿಕೊಂಡು ಒಂದರ ಹಿಂದೆ ಒಂದು ಸಾಗಬೇಕು. ವೇಗ 90 ನಾಟ್, ಎತ್ತರ 1,800 ಅಡಿ, ಮುಂದಿನವನಿಗೂ ನಿಮಗೂ ಅರ್ಧ ಮೈಲಿ ಅಂತರ. ಫಿಸ್ಕ್‌ನಲ್ಲಿ ಗುಲಾಬಿ ಅಂಗಿಯ ನಿಯಂತ್ರಕರು ದುರ್ಬೀನು ಹಿಡಿದು ಬಯಲಲ್ಲೇ ಕೂತಿರುತ್ತಾರೆ. ಅವರು ವಿಮಾನದ ಹೆಸರು ಕೇಳುವುದಿಲ್ಲ, ಪೈಲಟ್ ಮಾತಾಡಬೇಕಾಗಿಯೂ ಇಲ್ಲ. “ಬಿಳಿ ಬಣ್ಣ, ಮೇಲಿನ ರೆಕ್ಕೆ, ರೆಕ್ಕೆ ಅಲುಗಿಸಿ” ಎಂದರೆ ಆತ ರೆಕ್ಕೆ ಅಲುಗಿಸಿದರೆ ಮುಗಿಯಿತು. ಮುಂದೆ ರನ್‌ವೇ ಮೇಲೆ ಬಣ್ಣದ ದೊಡ್ಡ ಬೊಟ್ಟುಗಳಿವೆ. ಹಸಿರು ಬೊಟ್ಟಿಗೆ ಇಳಿ ಎಂದರೆ ಹಸಿರು ಬೊಟ್ಟಿಗೇ ಇಳಿಯಬೇಕು. ವೃತ್ತಿಜೀವನವಿಡೀ ರೇಡಿಯೋದಲ್ಲಿ ಶಿಷ್ಟ ಭಾಷೆ ಅಭ್ಯಾಸ ಮಾಡಿದ ಪೈಲಟ್ಟುಗಳು ಜೀವನದಲ್ಲಿ ಪರಮ ಮೌನ ಸಾಧಿಸುವುದು ಇಲ್ಲಿ ಮಾತ್ರ.

ಈ ವ್ಯವಸ್ಥೆಗೆಲ್ಲ ಆಧಾರ ಒಂದೇ: ಕಣ್ಣು. ಮೋಡದ ತಳ 1,000 ಅಡಿಗಿಂತ ಕೆಳಗಿಳಿದರೆ, ನೋಟ 3 ಮೈಲಿಗಿಂತ ಕಡಿಮೆಯಾದರೆ, ಕಣ್ಣಳತೆಯ ಹಾರಾಟ ನಿಲ್ಲುತ್ತದೆ. ಅಲ್ಲಿಯವರೆಗೆ ಬಂದವರನ್ನು ರಶ್ ಲೇಕ್, ಗ್ರೀನ್ ಲೇಕ್ ಎಂಬ ಕೆರೆಗಳ ಸುತ್ತ ಸುತ್ತಲು ಹೇಳುತ್ತಾರೆ. ಕೆಲವು ಪಂಡಿತರು ಇದನ್ನು ಕಾಯುವಿಕೆ ಎಂದು ಕರೆದಿದ್ದಾರೆ. ಕೆರೆಯ ಸುತ್ತ, ಒಬ್ಬರ ಹಿಂದೆ ಒಬ್ಬರು, ಮಾತಿಲ್ಲದೆ, ಮನಸ್ಸಿನಲ್ಲಿ ದೇವರನ್ನು ನೆನೆಯುತ್ತ ಸುತ್ತುವುದಕ್ಕೆ ನಮ್ಮಲ್ಲಿ ಪ್ರದಕ್ಷಿಣೆ ಎನ್ನುತ್ತಾರೆ. ಅದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಪೆಟ್ರೋಲ್ ಮುಗಿಯುತ್ತ ಬಂದವರು ಫಾಂಡುಲಾಕ್, ಆಪಲ್‌ಟನ್ ಮುಂತಾದ ಉಪಕ್ಷೇತ್ರಗಳಿಗೆ ಹೋಗಿ ಇಳಿಯುತ್ತಾರೆ. 2010ರಲ್ಲಂತೂ ಜಾತ್ರೆ ಶುರುವಾಗುವ ಮೊದಲೇ ಸುರಿದ ಮಳೆಗೆ ಹುಲ್ಲುಗಾವಲು ಗದ್ದೆಯಾಯಿತು. ವಿಮಾನ ನಿಲ್ಲಿಸಲು ಜಾಗವಿಲ್ಲದೆ ಬಂದವರನ್ನು ಸುತ್ತಲಿನ ನಿಲ್ದಾಣಗಳಿಗೆ ಕಳಿಸಿದರು. ಆ ವರ್ಷಕ್ಕೆ ಜನ ‘ಸ್ಲಾಶ್‌ಕೋಶ್’ ಎಂದು ನಾಮಕರಣ ಮಾಡಿ, ಕೆಸರು ಮೆತ್ತಿದ ಬೂಟಿನಲ್ಲೇ ಸಂತೋಷವಾಗಿ ಓಡಾಡಿದರು. ಕೆಸರಿನಲ್ಲಿ ಹೂತ ಚಕ್ರವನ್ನು ಹತ್ತು ಜನ ಸೇರಿ ನೂಕುವುದನ್ನು ನೋಡಿದ ನಮ್ಮ ಕಡೆಯವರಿಗೆ ಗೋಣಿಚೀಲ ಹಾಕಿ ಎಂದು ಸಲಹೆ ಕೊಡುವ ಆಸೆಯನ್ನು ತಡೆದುಕೊಳ್ಳುವುದೇ ಕಷ್ಟ.

ಈಗ ಬಂಧನ ಪ್ರಕರಣ, ಶಾಸ್ತ್ರದ ಹೃದಯ. ಇಳಿದ ವಿಮಾನವನ್ನು ಮೂರು ಕಡೆ ಕಟ್ಟಬೇಕು: ಎರಡು ರೆಕ್ಕೆಗೆ ಎರಡು ಹಗ್ಗ, ಬಾಲಕ್ಕೊಂದು. ರೆಕ್ಕೆಗೆ ಪೈಲಟ್ ಬೇಕಿಲ್ಲ, ಲೈಸೆನ್ಸ್ ಬೇಕಿಲ್ಲ. ಅದರ ಮೇಲೆ ಸಾಕಷ್ಟು ಗಾಳಿ ಹರಿದರೆ ಅದು ಏಳುತ್ತದೆ. ಸೆಸ್ನಾ 172 ಎಂಬ ಚಿಕ್ಕ ವಿಮಾನ ಗಂಟೆಗೆ ಸುಮಾರು 90 ಕಿ.ಮೀ. ಗಾಳಿಯಲ್ಲಿ ಆಕಾಶದಲ್ಲಿ ನಿಲ್ಲಬಲ್ಲದು. ಗುಡುಗುಮೋಡವೊಂದು ತನ್ನ ಮುಂದೆ ತಳ್ಳಿಕೊಂಡು ಬರುವ ಬಿರುಗಾಳಿಗೂ ಅಷ್ಟೇ ವೇಗ ಇರಬಹುದು. ಹಾಗಾಗಿ ಯಜಮಾನ ಟೆಂಟಿನಲ್ಲಿ ಕಾಫಿ ಕುಡಿಯುತ್ತಿರುವಾಗ ವಿಮಾನ ತಾನೇ ಹೊರಡುವ ಸಾಧ್ಯತೆ ತರ್ಕಸಮ್ಮತ. 2011ರ ಮಾರ್ಚ್ 31ರಂದು ಫ್ಲಾರಿಡಾದ ಲೇಕ್‌ಲ್ಯಾಂಡ್‌ನಲ್ಲಿ ‘ಸನ್ ಎನ್ ಫನ್’ ಮೇಳದ ಮೇಲೆ ಸುಂಟರಗಾಳಿ ಬಂದು ಹಲವಾರು ವಿಮಾನಗಳನ್ನು ಅಂಗಾತ ಮಲಗಿಸಿ ಹೋಯಿತು. ಅಂದಿನಿಂದ ಹಗ್ಗದ ಗಂಟಿನ ಬಗ್ಗೆ ತಮಾಷೆ ಮಾಡುವವರು ಕಡಿಮೆ.

ಇದಕ್ಕೆ ಒಂದು ಪೂರ್ವಪಕ್ಷವಿದೆ. ಅದನ್ನು ಎತ್ತಿದವರು ಯಾವ ವಿಶ್ವವಿದ್ಯಾಲಯದವರೂ ಅಲ್ಲ, ಆಗುಂಬೆ ಕಡೆಯ ಒಬ್ಬ ಅಜ್ಜಿ. ಶಿಕಾಗೋದಿಂದ ಓಶ್‌ಕೋಶ್ ಕಾರಿನಲ್ಲಿ ಮೂರು ಗಂಟೆಯ ದಾರಿ, ಅಲ್ಲಿಯ ಕನ್ನಡ ಕುಟುಂಬಗಳು ಊರಿನಿಂದ ಬಂದ ತಂದೆತಾಯಿಯರನ್ನು ಕರೆತರುವುದುಂಟು. ಅಜ್ಜಿ ಸಾಲಾಗಿ ಕಟ್ಟಿದ ವಿಮಾನಗಳನ್ನು ನೋಡಿ ಮಗನನ್ನು ಕೇಳಿದರು:

“ಇದಕ್ಕೆ ಮಳೆ ಅಂತಾರೇನೋ? ನಮ್ಮೂರಲ್ಲಿ ಈ ಮಳೆಗೆ ದನ ಸಹ ಕೊಟ್ಟಿಗೆಗೆ ಬರಲ್ಲ ಮಾರಾಯ.”

“ಮಳೆಗಲ್ಲ ಅಮ್ಮ, ಗಾಳಿಗೆ ಕಟ್ಟಿದ್ದಾರೆ. ಇಲ್ಲದಿದ್ದರೆ ಹಾರಿ ಹೋಗ್ತಾವೆ.”

“ಹಾರೋದು ತಾನೆ ಅದರ ಕೆಲಸ? ಮತ್ತೆ ಕಟ್ಟೋದ್ಯಾಕೆ?”

ಅಲ್ಲಿ ನಿಂತಿದ್ದ ಯಾರಿಂದಲೂ ಇದಕ್ಕೆ ಸಮಾಧಾನ ಬರಲಿಲ್ಲ. ಅಜ್ಜಿಯ ಪ್ರಮಾಣಬಲವೂ ಕಡಿಮೆಯದಲ್ಲ: ಆಗುಂಬೆಯಲ್ಲಿ ಜುಲೈ ತಿಂಗಳೊಂದರಲ್ಲೇ 2,000 ಮಿ.ಮೀ. ದಾಟುವಷ್ಟು ಮಳೆ ಬೀಳುತ್ತದೆ, ಓಶ್‌ಕೋಶ್ ಎರಡು ವರ್ಷ ಕೂಡಿಟ್ಟರೂ ಅಷ್ಟಾಗುವುದಿಲ್ಲ. ಆದರೆ ಆಗುಂಬೆಯ ಮಳೆ ತಿಂಗಳುಗಟ್ಟಲೆ ಹೊಯ್ಯುವ ಸಮಾಧಾನಿ. ವಿಸ್ಕಾನ್ಸಿನ್ ಮೋಡ ಇಪ್ಪತ್ತು ನಿಮಿಷದಲ್ಲಿ ಸಿಡಿಲು, ಆಲಿಕಲ್ಲು, ಗಾಳಿ ಮೂರನ್ನೂ ಎಸೆದು ಹೋಗುವ ಮುಂಗೋಪಿ. ವಿಮಾನದವರು ಹೆದರುವುದು ಮುಂಗೋಪಕ್ಕೆ. ಪ್ರಬಲ ಗುಡುಗುಮೋಡದಿಂದ 20 ಮೈಲಿ ದೂರವಿರಿ ಎಂದು ಅವರ ಕೈಪಿಡಿಗಳೇ ಹೇಳುತ್ತವೆ. ಆಕಾಶವನ್ನು ಗೆದ್ದವರೆಂದು ಹೆಸರು ಪಡೆದವರೇ ಪ್ರತಿ ಐದು ನಿಮಿಷಕ್ಕೊಮ್ಮೆ ಆಕಾಶದತ್ತ ಕಳ್ಳನೋಟ ಬೀರುತ್ತಾರೆ, ಛತ್ರಿಯಷ್ಟೇ ಇರುವವನು ನಿಶ್ಚಿಂತೆಯಿಂದ ಐಸ್‌ಕ್ರೀಮ್ ತಿನ್ನುತ್ತಾನೆ. ಜ್ಞಾನದಿಂದ ಭಯ ಹುಟ್ಟುತ್ತದೆ ಎಂಬುದನ್ನು ಪ್ರಯೋಗದಿಂದ ಸಿದ್ಧಪಡಿಸಿದ ಕ್ಷೇತ್ರ ಇದೊಂದೇ.

ಮಳೆ ಬಂದೇ ಬಿಟ್ಟಿತೆನ್ನೋಣ. ಎಲ್ಲಿ ನಿಲ್ಲಬೇಕು? ಇಲ್ಲಿ ಎರಡು ಸಂಪ್ರದಾಯಗಳು. ಸೆಸ್ನಾದ ಚಿಕ್ಕ ವಿಮಾನಗಳಲ್ಲಿ ಹೆಚ್ಚಿನವಕ್ಕೆ ರೆಕ್ಕೆ ತಲೆಯ ಮೇಲಿದೆ, ಇವರು ಊರ್ಧ್ವಪಕ್ಷದವರು. ಪೈಪರ್ ಚೆರೋಕಿಯಂಥವುಗಳಲ್ಲಿ ರೆಕ್ಕೆ ಕಾಲ ಕೆಳಗಿದೆ, ಇವರು ಅಧಃಪಕ್ಷದವರು. ಬಿಸಿಲಿರುವಾಗ ಇವರ ವಾದ ಮುಗಿಯುವಂಥದ್ದಲ್ಲ. ನಮಗೆ ನೆಲ ಚೆನ್ನಾಗಿ ಕಾಣುತ್ತದೆ ಎಂದು ಮೊದಲಿನವರು. ತಿರುಗುವಾಗ ಹೋಗಬೇಕಾದ ದಿಕ್ಕು ನಮಗೆ ಕಾಣುತ್ತದೆ, ನಿಮಗೆ ನಿಮ್ಮದೇ ರೆಕ್ಕೆ ಕಾಣುತ್ತದೆ ಎಂದು ಎರಡನೆಯವರು. ಪೆಟ್ರೋಲ್ ಹಾಕಲು ನಿಮಗೆ ಏಣಿ ಬೇಕು, ನಮಗೆ ಬೇಡ. ಬಿರುಗಾಳಿಗೆ ಮೊದಲು ಮಗುಚುವುದು ನಿಮ್ಮದು, ಗಾಳಿ ರೆಕ್ಕೆಯ ಕೆಳಗೆ ಸುಲಭವಾಗಿ ನುಗ್ಗುತ್ತದೆ. ಹೀಗೆ ಖಂಡನೆ, ಪ್ರತಿಖಂಡನೆ, ಮಧ್ಯೆ ಬಿಯರ್.

ಮೊದಲ ಹನಿ ಬಿದ್ದೊಡನೆ ತತ್ತ್ವಶಾಸ್ತ್ರ ಬದಲಾಗುತ್ತದೆ. ಊರ್ಧ್ವಪಕ್ಷದವನಿಗೆ ತನ್ನ ರೆಕ್ಕೆಯೇ ಜಗುಲಿ. ಕುರ್ಚಿ ಹಾಕಿ ಕೂರುತ್ತಾನೆ. ಅಧಃಪಕ್ಷದವನು ತನ್ನ ರೆಕ್ಕೆಯ ಅಡಿಗೆ ತೆವಳಬಹುದು, ಅಷ್ಟೇ. ಚೆರೋಕಿಗೆ ಇರುವುದು ಬಲಗಡೆ ಒಂದೇ ಬಾಗಿಲು. ಅದನ್ನು ತೆರೆದರೆ ಸೀಟಿನ ಮೇಲೆ ನೇರ ಮಳೆ. ಆಗ ನೋಡಬೇಕು ಮತಾಂತರದ ವೇಗ. ಐದು ನಿಮಿಷದ ಹಿಂದೆ ಮೇಲಿನ ರೆಕ್ಕೆಯನ್ನು ಮಕ್ಕಳಾಟ ಎಂದು ಹೀಗಳೆದ ಮಹನೀಯ, ಅದೇ ರೆಕ್ಕೆಯ ಕೆಳಗೆ ನಿಂತು, “ಸೆಸ್ನಾದಲ್ಲೂ ಒಂದು ಸೌಂದರ್ಯವಿದೆ” ಎನ್ನುತ್ತಾನೆ. ಮಳೆ ನಿಂತರೆ ಮೂಲಮತಕ್ಕೆ ಮರಳುವುದು ಶಾಸ್ತ್ರೋಕ್ತ. ಬೈಪ್ಲೇನ್‌ನವರಿಗೆ ಮೇಲೂ ರೆಕ್ಕೆ, ಕೆಳಗೂ ರೆಕ್ಕೆ. ಆದರೂ ತೆರೆದ ಕಾಕ್‌ಪಿಟ್ಟಿನಲ್ಲಿ ನೀರು ತುಂಬುತ್ತದೆ. ಉಭಯಪಕ್ಷದವರಿಗೆ ಹಿತವಾದ ಸಮನ್ವಯ ಯಾವಾಗಲೂ ಒದ್ದೆಯಾಗುವುದನ್ನು ಇಲ್ಲಿ ಕಾಣಬಹುದು. ವಿನೆಬಾಗೋ ಸರೋವರದಲ್ಲಿ ತೇಲುವ ಸೀಪ್ಲೇನ್‌ನವರು ಈ ಚರ್ಚೆಯಲ್ಲಿ ಭಾಗವಹಿಸುವುದಿಲ್ಲ, ನೀರೇ ಅವರ ನೆಲ. ಸಿಡಿಲು ಬಂದಾಗ ಮಾತ್ರ ಧ್ವನಿವರ್ಧಕ ಎಲ್ಲ ಮತದವರಿಗೂ ಒಂದೇ ಉಪದೇಶ ಕೊಡುತ್ತದೆ: ರೆಕ್ಕೆಯಡಿ ನಿಲ್ಲಬೇಡಿ, ಕಾರಿನೊಳಗೆ ಹೋಗಿ. ಹೋಗುವವರು ಕಡಿಮೆ. ಮಿಂಚು ಕಂಡು ಗುಡುಗು ಕೇಳುವವರೆಗೆ ಬೆರಳು ಮಡಚಿ ಎಣಿಸುತ್ತ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದು ಪಕ್ಕದವನಿಗೆ ಗಣಿತ ಕಲಿಸುವವರೇ ಹೆಚ್ಚು.

ಇಷ್ಟರ ನಡುವೆ ಏರ್‌ಶೋ ನಡೆಯುತ್ತದೋ? ಪ್ರದರ್ಶಕರ ಬಳಿ ಮೋಡದ ಎತ್ತರಕ್ಕೆ ತಕ್ಕಂತೆ ಬೇರೆ ಬೇರೆ ಆಟಗಳಿರುತ್ತವೆ: ಆಕಾಶ ತೆರೆದಿದ್ದರೆ ಎತ್ತರದ್ದು, ಮೋಡ ತಗ್ಗಿದ್ದರೆ ತಗ್ಗಿನದು, ಇನ್ನೂ ತಗ್ಗಿದರೆ ನೆಲಕ್ಕೆ ಸಮಾನಾಂತರವಾಗಿ ಹೋಗಿ ಬರುವ ಚಪ್ಪಟೆ ಆಟ. ಅದಕ್ಕೂ ಅವಕಾಶ ಇಲ್ಲದಾಗ ಮೈಕು ಹಿಡಿದವನ ಕಾಲ ಬರುತ್ತದೆ. ಯಕ್ಷಗಾನದಲ್ಲಿ ವೇಷ ಬಣ್ಣದಮನೆಯಿಂದ ಹೊರಡಲು ತಡವಾದರೆ ಭಾಗವತರು ಪದವನ್ನು ಎಳೆಯುವಂತೆ, ಈತ ಹಾರದ ವಿಮಾನದ ಎಂಜಿನ್ನು, ಪೈಲಟ್ಟಿನ ಬಾಲ್ಯ, ಪ್ರೊಪೆಲ್ಲರಿನ ಮರದ ಜಾತಿ ಎಲ್ಲವನ್ನೂ ಮುಗಿಸಿ ಮತ್ತೆ ಎಂಜಿನ್ನಿಗೇ ಬರುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಹಾರದ ವಿಮಾನಕ್ಕೆ ಬೀಳುವ ಚಪ್ಪಾಳೆ ಹಾರಿದ್ದಕ್ಕಿಂತ ಬೆಚ್ಚಗಿರುತ್ತದೆ ಎಂಬುದು ಈ ಲೇಖಕನ ಕ್ಷೇತ್ರಕಾರ್ಯದಿಂದ ಸಿದ್ಧವಾದ ಮಾತು. ಶುಭ್ರ ಆಕಾಶದಲ್ಲಿ ಜನ ವಿಮಾನ ನೋಡುತ್ತಾರೆ. ಮಳೆಯಲ್ಲಿ ಒಬ್ಬರನ್ನೊಬ್ಬರು ನೋಡುತ್ತಾರೆ, ಬ್ರೆಡ್ಡು ಹಂಚುತ್ತಾರೆ, ತಾವು ಗ್ಯಾರೇಜಿನಲ್ಲಿ ಕಟ್ಟುತ್ತಿರುವ ವಿಮಾನ ಯಾಕೆ ಈ ವರ್ಷವೂ ಮುಗಿಯಲಿಲ್ಲ ಎಂಬುದನ್ನು ಹೆಂಡತಿಗೆ ಹೇಳಿದ್ದಕ್ಕಿಂತ ಪ್ರಾಮಾಣಿಕವಾಗಿ ಹೇಳುತ್ತಾರೆ. ಅದಕ್ಕೇ ಬರುತ್ತಾರೆ ಎಂಬುದು ಸಿದ್ಧಾಂತ.

ಪ್ರತಿಕೂಲ ಸಾಕ್ಷ್ಯವನ್ನು ಮುಚ್ಚಿಡುವುದು ವಿದ್ವಾಂಸನ ಲಕ್ಷಣವಲ್ಲವಾದ್ದರಿಂದ ಒಂದನ್ನು ಹೇಳಬೇಕು. ಮೋಡ ಸರಿದು ಬಿಸಿಲು ಬಿದ್ದ ಕೂಡಲೇ, ಈ ಆತ್ಮೀಯರೆಲ್ಲ ರೇಡಾರಿನ ಚಿತ್ರ ನೋಡಿ, ಎರಡು ಗುಡುಗಿನ ನಡುವೆ ಕಿಂಡಿಯೊಂದು ಕಂಡರೆ ಸಾಕು, ಒದ್ದೆ ಟೆಂಟನ್ನು ಸೀಟಿನ ಹಿಂದೆ ತುರುಕಿ, ಹಗ್ಗ ಬಿಚ್ಚಿ, ಊರಿಗೆ ಹಾರಿ ಹೋಗುತ್ತಾರೆ. ಅದೇ ಹೊತ್ತಿಗೆ ಒಣ ಬಟ್ಟೆ ಉಟ್ಟ ಪ್ರೇಕ್ಷಕರು ಕಾರಿನಿಂದಿಳಿದು, ವಿಮಾನಗಳೆಲ್ಲಿ ಎಂದು ಕೇಳುತ್ತಾರೆ.

ಮುಂದಿನ ಸಂಶೋಧಕರಿಗೆ ಇಲ್ಲಿ ಇನ್ನೂ ಬೇಕಾದಷ್ಟು ಅವಕಾಶವಿದೆ. ಪ್ಲಾಸ್ಟಿಕ್ಕಿನ ಸಂಚಾರಿ ಶೌಚಾಲಯಗಳು ಯಾವ ವೇಗದ ಗಾಳಿಗೆ ಏಳುತ್ತವೆ, ಆಗ ಒಳಗಿರುವವನನ್ನು ಪೈಲಟ್ ಎನ್ನಬಹುದೇ ಎಂಬುದು ತುರ್ತು ಪ್ರಶ್ನೆ. ಅನುದಾನ ಕೊಡುವವರ ಗಮನಕ್ಕೆ ಈ ಲೇಖಕನ ಬೇಡಿಕೆ ಇಷ್ಟೇ: ಒಂದು ಟೆಂಟು, ಮೂರು ಹಗ್ಗ, ಮೊಣಕಾಲವರೆಗಿನ ಗಂಬೂಟು, ಮತ್ತು ಪಕ್ಕದ ಜಾಗದಲ್ಲಿ ಊರ್ಧ್ವಪಕ್ಷದ ಒಬ್ಬ ಸಜ್ಜನ.