ಓರೆ ಸೈಟಿನ ರಾಯರು

ಬೆಂಗಳೂರಿನ ಯಾವ ಆರ್ಕಿಟೆಕ್ಟ್ ಆಫೀಸಿಗೆ ಹೋದರೂ ಕಿಟಕಿ ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯ ಡ್ರಾಫ್ಟ್ಸ್‌ಮನ್ ಕೂತಿರುತ್ತಾರೆ. ಹೆಸರು ಏನೇ ಇರಲಿ, ನಾವು ರಾಯರು ಎನ್ನೋಣ. ಅವರ ಕತ್ತು ಎಡಕ್ಕೆ ವಾಲಿದ್ದರೆ ಸ್ಕ್ರೀನಿನ ಮೇಲೆ ಓರೆ ಸೈಟ್ ಇದೆ ಎಂದರ್ಥ. ಬಲಕ್ಕೆ ವಾಲಿದ್ದರೆ ಇನ್ನೊಂದು ಓರೆ ಸೈಟ್.

ಮೂವತ್ತು–ನಲವತ್ತರ ನೇರ ಸೈಟಿನಲ್ಲಿ ರಾಯರನ್ನು ಮೀರಿಸುವವರಿಲ್ಲ. ಸೆಟ್‌ಬ್ಯಾಕ್ ಬಿಟ್ಟು, ಮೆಟ್ಟಿಲು ಕೂರಿಸಿ, ದೇವರ ಮನೆಯನ್ನು ಈಶಾನ್ಯಕ್ಕೆ ತಳ್ಳಿ, ಕಾಫಿ ಆರುವಷ್ಟರಲ್ಲಿ ಪ್ಲಾನ್ ಮುಗಿಸುತ್ತಾರೆ. ಐಕಾನ್ ಹುಡುಕಿ ಒತ್ತುವವರನ್ನು ಕಂಡರೆ ಅವರಿಗೆ ಮರುಕ. ಕಮಾಂಡ್ ಏನಿದ್ದರೂ ಎಡಗೈಯಲ್ಲಿ ಟೈಪಿಸಬೇಕು. ಆದರೆ ರೆವಿನ್ಯೂ ಲೇಔಟ್ ಮಾಡಿದ ಪುಣ್ಯಾತ್ಮರು ದಿಕ್ಸೂಚಿ ನೋಡಿ ರಸ್ತೆ ಬಿಟ್ಟವರಲ್ಲ. ರಸ್ತೆ ಹದಿಮೂರು ಡಿಗ್ರಿ ಸೊಟ್ಟಗೆ ಹೋದರೆ ಸೈಟೂ ಅದರ ಹಿಂದೆಯೇ ಹೋಗುತ್ತದೆ.

ರಾಯರು ಕೆಲಸ ಕಲಿತದ್ದು ಡ್ರಾಯಿಂಗ್ ಬೋರ್ಡಿನ ಮೇಲೆ. ಅಲ್ಲಿ ಓರೆ ಸೈಟ್ ಬಂದರೆ ಟೇಪ್ ಕಿತ್ತು, ಹಾಳೆ ತಿರುಗಿಸಿ, ಟಿ-ಸ್ಕ್ವೇರಿಗೆ ಹೊಂದಿಸಿ ಮತ್ತೆ ಅಂಟಿಸಿದರಾಯಿತು. ತಾನು ಭೂಮಿಯ ಮೇಲೆ ಎಲ್ಲಿದ್ದೇನೆ ಎಂಬ ಚಿಂತೆ ಹಾಳೆಗೆ ಇರಲಿಲ್ಲ. ಆಟೋಕ್ಯಾಡ್ ಬಂದ ಮೇಲೂ ಅದೇ ಅಭ್ಯಾಸ: ಸರ್ವೆಯವರ ಫೈಲ್ ತೆರೆ, ಎಲ್ಲ ಸೆಲೆಕ್ಟ್ ಮಾಡು, ರೊಟೇಟ್, ಸೊನ್ನೆ ಕಾಮ ಸೊನ್ನೆ, 13.27. ಸೈಟ್ ನೆಟ್ಟಗಾಯಿತು, ರಾಯರ ಕತ್ತೂ ನೆಟ್ಟಗಾಯಿತು.

ಹೊಸದಾಗಿ ಸೇರಿದ ಹುಡುಗಿ ಮೆಲ್ಲಗೆ ಹೇಳುತ್ತಾಳೆ: “ಸರ್, ಡ್ರಾಯಿಂಗ್ ಮುಟ್ಟೋದೇ ಬೇಡ. ಯೂಸಿಎಸ್ ಕೊಟ್ಟು ಅಕ್ಷಾನ ರಸ್ತೆ ಗೆರೆಗೆ ಹೊಂದಿಸಿ, ಪ್ಲಾನ್ ಅಂತ ಕೊಟ್ರೆ ಸ್ಕ್ರೀನ್ ಮಾತ್ರ ತಿರುಗತ್ತೆ. ಆರ್ಥೋನೂ ಸೈಟ್ ಜೊತೇನೇ ಹೋಗತ್ತೆ. ವರ್ಲ್ಡ್ ಅಂದ್ರೆ ವಾಪಸ್ಸು.”

“ಅದೆಲ್ಲಾ ತ್ರೀಡಿಯೋರ ಆಟ ಕಣಮ್ಮ, ನಮಗ್ಯಾಕೆ?”

ಆ ಆಟ 1988ರ ರಿಲೀಸ್ 10ರಲ್ಲೇ ಬಂದದ್ದು. ರಾಯರು ಆಗಿನ್ನೂ ಟೇಪ್ ಕೀಳುತ್ತಿದ್ದರು.

ವಾರ ಕಳೆದು ಸ್ಟ್ರಕ್ಚರಲ್ ಇಂಜಿನಿಯರ್ ಫೋನ್: “ರಾಯರೇ, ನನ್ನ ಕಾಲಂ ಇಲ್ಲಿದೆ, ನಿಮ್ಮ ಮನೆ ಎಲ್ಲಿ?” ರಾಯರು ಗಾಬರಿಯಾಗುವವರಲ್ಲ. “ಈಗ್ಲೇ ವಾಪಸ್ ತಿರುಗಿಸಿ ಕಳಿಸ್ತೀನಿ” ಎನ್ನುತ್ತಾರೆ. ಕೋನ ಎಷ್ಟಿತ್ತು? ಹದಿಮೂರು ಕಾಲು ಇದ್ದ ಹಾಗಿತ್ತು. ಕೊಟ್ಟರು. ತಪ್ಪಿದ್ದು ಬರೀ 0.02 ಡಿಗ್ರಿ. ಹಾಳೆಯ ಮೇಲಾದರೆ ಪೆನ್ಸಿಲ್ ಗೆರೆಯಲ್ಲಿ ಮುಚ್ಚಿಹೋಗುತ್ತಿತ್ತು. ಆದರೆ ಸರ್ವೆ ಫೈಲ್ ಇದ್ದದ್ದು ಯುಟಿಎಂ ಲೆಕ್ಕದಲ್ಲಿ. ಬೆಂಗಳೂರಿನ ಮಟ್ಟಿಗೆ ಅದರ ಸೊನ್ನೆ ಕಾಮ ಸೊನ್ನೆ ಇರುವುದು ಭೂಮಧ್ಯರೇಖೆಯ ಮೇಲೆ, ಮಾಲ್ದೀವ್ಸಿನ ಪಶ್ಚಿಮಕ್ಕೆ, ನಡುಗಡಲಿನಲ್ಲಿ. ಇಲ್ಲಿಂದ ಸುಮಾರು 1,600 ಕಿಲೋಮೀಟರ್. ಅಷ್ಟು ದೂರದಲ್ಲಿ ಗೂಟ ಹೊಡೆದು ಸೈಟ್ ತಿರುಗಿಸಿದರೆ 0.02 ಡಿಗ್ರಿಗೆ ಅರ್ಧ ಕಿಲೋಮೀಟರಿಗೂ ಹೆಚ್ಚು ಜರುಗುತ್ತದೆ. ಮನೆ ಬೇರೆ ಯಾರದೋ ಲೇಔಟಿನ ಪಾರ್ಕಿನಲ್ಲಿ ಹೋಗಿ ಕೂತಿತು. ಅಲ್ಲಿಯೂ ನೆಟ್ಟಗೇನೂ ಕೂರಲಿಲ್ಲ.

ರಾಯರ ಮೇಲೆ ಪ್ರಾಣ ಇಟ್ಟಿರುವವರೆಂದರೆ ಸೈಟಿನ ಮಾಲೀಕರು. ಕಾರಣ ಉತ್ತರದ ಬಾಣ. ಅದನ್ನು ರಾಯರು ಹಳೇ ಫೈಲಿನಿಂದ ಕಾಪಿ ಮಾಡಿ ಹಾಳೆಯ ಮೂಲೆಗೆ ಅಂಟಿಸುತ್ತಾರೆ, ಯಾವಾಗಲೂ ನೇರ ಮೇಲಕ್ಕೆ. ಸೈಟ್ ತಿರುಗಿದರೂ ಬಾಣ ತಿರುಗುವುದಿಲ್ಲ. “ಬಾಗಿಲು ಪಕ್ಕಾ ಪೂರ್ವಕ್ಕೇ ಇದೆಯಲ್ಲ ರಾಯರೇ!” ಎಂದು ಮಾಲೀಕರು ಕೈ ಮುಗಿದಾಗ ರಾಯರು ಕನ್ನಡಕ ಒರೆಸಿಕೊಳ್ಳುತ್ತಾರೆ. ವಾಸ್ತುವಿನವರಿಗೂ ತೃಪ್ತಿ. ತಕರಾರು ಸೂರ್ಯನದೊಂದೇ.

ನಿಮ್ಮದೂ ಓರೆ ಸೈಟಾಗಿದ್ದರೆ ಪ್ಲಾನಿನ ಮೂಲೆಯನ್ನು ಒಮ್ಮೆ ನೋಡಿ. ಸೈಟ್ ನೆಟ್ಟಗೆ ಕಂಡರೆ ಬಾಣ ಓರೆಯಾಗಿರಬೇಕು. ಎರಡೂ ನೆಟ್ಟಗಿದ್ದರೆ ಸಹಿ ಹಾಕಬೇಡಿ.